ಅವ್ವ ನೋಡಬಾರದಿದ್ದ ಫೋಟೊಗಳು

ಆ ದಿನಗಳಲ್ಲಿ ಮನೆಯಲ್ಲಿ ಯಾರ ಫೋನು ಬಡಿದುಕೊಂಡರೂ ಮೊದಲು ಎತ್ತುವವಳು ನಾನೇ ಆಗಬೇಕಿತ್ತು. ಒಲೆಯ ಮೇಲೆ ಹಾಲಿದ್ದರೆ ಹಾಲು ಬಿಟ್ಟು, ಕೈಯಲ್ಲಿ ಹಿಟ್ಟಿದ್ದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ನನಗಿಂತ ಮೊದಲು ಅವ್ವ ಎತ್ತಿಬಿಟ್ಟರೆ ಗತಿಯೇನು ಎನ್ನುವ ಭಯ. ಗೇಟಿನ ಸದ್ದಾದರೂ ಅಷ್ಟೆ. ಬಂದವರ ಮುಖವನ್ನು ಮೊದಲು ನಾನು ನೋಡಬೇಕು, ಕಣ್ಣಿನಲ್ಲೇ ಎಚ್ಚರಿಕೆ ಕೊಡಬೇಕು, ಆಮೇಲೆ ಒಳಗೆ ಬಿಡಬೇಕು.

ವಿಷಯ ಇಷ್ಟು. ಅವ್ವನ ಹೃದಯಕ್ಕೆ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿ, ತರೀಕೆರೆಯ ನಮ್ಮ ಬಾಡಿಗೆ ಮನೆಗೆ ಕರೆತಂದು ಎಂಟು ದಿನವಾಗಿತ್ತು. ಒಂಬತ್ತನೆಯ ದಿನ ಬೆಳಗ್ಗೆ, ಪಂಚನಹಳ್ಳಿಯಲ್ಲಿದ್ದ ಅವಳ ಒಬ್ಬನೇ ತಮ್ಮ, ನನ್ನ ಸೋದರಮಾವ, ಬೋರ್‌ವೆಲ್ಲಿನ ಮೋಟಾರು ಹಾಕಲು ಹೋದವನು ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಬಿದ್ದ. ಕರೆಂಟು ಹೊಡೆದದ್ದಲ್ಲ. ಎದೆಯೇ ನಿಂತಿತ್ತು. ಅಕ್ಕನಿಗೆ ಬಂದ ಕಾಯಿಲೆಯೇ ತಮ್ಮನಿಗೂ ಬಂದಿತ್ತು. ಅವನಿಗೆ ಆಸ್ಪತ್ರೆಗೆ ಹೋಗುವಷ್ಟು ಹೊತ್ತು ಸಿಗಲಿಲ್ಲ.

ಅಜ್ಜಂಪುರದಲ್ಲಿರುವ ನನ್ನ ಅಣ್ಣ ಫೋನು ಮಾಡಿ ಮೊದಲು ಕೇಳಿದ್ದು, "ಅವ್ವ ಎಲ್ಲವ್ಳೆ?"

"ಸ್ನಾನಕ್ಕೆ ಹೋಗವ್ಳೆ. ಯಾಕಣ್ಣ?"

"ಮಾವ ಹೋಗ್ಬಿಟ್ಟ ಕಣೆ. ಕೂಗಬ್ಯಾಡ. ಬಾಯಿ ಮುಚ್ಕ. ಅವ್ವಂಗೆ ಗೊತ್ತಾಗ್ಬಾರ್ದು. ಒಂದ್ ತಿಂಗ್ಳು ಹೋಗ್ಲಿ, ಆಮೇಲೆ ನಿಧಾನಕ್ಕೆ ಹೇಳಣ. ಒಬ್ರನ್ನ ಕಳ್ಕಂಡಿದೀವಿ, ಇಬ್ರನ್ನ ಕಳ್ಕಳಕ್ಕಾಗಲ್ಲ."

ಡಾಕ್ಟರು ಹೇಳಿದ್ದು ಒಂದೇ ವಾಕ್ಯ: "ಆರು ವಾರ ಮನಸ್ಸಿಗೆ ಆಘಾತ ಆಗುವಂಥದ್ದು ಏನೂ ಬೇಡ." ಅದನ್ನು ಎಲ್ಲರಿಗೂ ಹೇಳುವ ಮಾತಿನಂತೆ, ಫೈಲು ಮಡಚುತ್ತ ಹೇಳಿದ್ದರು. ನಮಗೆ ಅದು ಕಲ್ಲಿನ ಮೇಲೆ ಬರೆದ ಹಾಗಾಯಿತು. ನಮ್ಮ ಕಡೆ ಇದು ಹೊಸದೂ ಅಲ್ಲ. ಹಾಸಿಗೆ ಹಿಡಿದವರಿಗೆ, ಬಸುರಿಗೆ, ಬಾಣಂತಿಗೆ ಸಾವಿನ ಸುದ್ದಿ ಮುಟ್ಟಿಸುವುದಿಲ್ಲ. ಸತ್ತವರು ಅವರ ಪಾಲಿಗೆ ಇನ್ನೂ ಕೆಲವು ದಿನ ಬದುಕಿರುತ್ತಾರೆ. ಮನೆಯವರೆಲ್ಲ ಸೇರಿ ಬದುಕಿಸಿ ಇಡುತ್ತಾರೆ.

ನಾನು ಮಣ್ಣಿಗೆ ಹೋಗಲಿಲ್ಲ. ಹೋದರೆ ಅವ್ವನಿಗೆ ಅನುಮಾನ ಬರುತ್ತಿತ್ತು. ಬಾತ್‌ರೂಮಿನಲ್ಲಿ ನಲ್ಲಿ ಜೋರಾಗಿ ಬಿಟ್ಟು, ಬಾಯಿಗೆ ಟವೆಲ್ಲು ಕಚ್ಚಿ ಅತ್ತೆ. ಮುಖ ತೊಳೆದು ಹೊರಗೆ ಬಂದು ಅವ್ವನಿಗೆ ರಾಗಿ ಗಂಜಿ ಕೊಟ್ಟೆ. "ಕಣ್ಣೇನೇ ಹಂಗ್ ಕೆಂಪಗಾಗೈತೆ?" ಅಂದಳು. "ಈರುಳ್ಳಿ ಹೆಚ್ದೆ" ಅಂದೆ. "ಗಂಜಿಗೆ ಈರುಳ್ಳಿ ಯಾವಾಗಿಂದ ಹಾಕ್ತೀಯ?" ಅಂದಳು. ಅವಳ ಎದೆಗೆ ಸ್ಟೆಂಟ್ ಹಾಕಿದ್ದರು, ತಲೆಗೆ ಏನೂ ಆಗಿರಲಿಲ್ಲ. ನನಗೆ ಭಯವಾಗುತ್ತಿದ್ದುದೇ ಅದಕ್ಕೆ.

ಮಾವ ನನಗೆ ಏನಾಗಿದ್ದ ಎನ್ನುವುದನ್ನು ಇಲ್ಲಿ ಹೇಳಬೇಕು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ನಡೆದುಬಂದದ್ದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅಜ್ಜಿ ಆ ಮಾತು ಎತ್ತಿದಳು. ಅಪ್ಪ ಒಪ್ಪಿದ. ಅವ್ವ ಸುಮ್ಮನಿದ್ದಳು. ಮಾವನೇ ಜಗಲಿಯಿಂದ ಎದ್ದು ನಿಂತು, "ನಾನು ಹೆಗಲ ಮೇಲೆ ಹೊತ್ತು ತಿರುಗ್ಸಿದ್ ಕೂಸು ಅದು. ಮುಂದಕ್ಕೆ ಓದ್ಲಿ ಬಿಡಕ್ಕ. ನಂಗೇನು ಹೆಣ್ಣಿಗೆ ಬರಗಾಲವಾ?" ಅಂದುಬಿಟ್ಟ. ಅವನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಆ ಒಂದು ಮಾತಿನಿಂದ ನಾನು ಕಡೂರಿನ ಕಾಲೇಜಿಗೆ ಬಸ್ಸು ಹತ್ತಿದೆ, ಬಿ.ಎಸ್ಸಿ. ಮಾಡಿದೆ, ಕೆಲಸ ಮಾಡಿಕೊಂಡೇ ಎಂ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಎರಡೂ ಕಡೆ ಹುಡುಕಿದರೂ ಡಿಗ್ರಿ ತಗೊಂಡ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಈಗ ತರೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ನನ್ನ ಗಂಡ ಲಕ್ಕವಳ್ಳಿಯ ಡ್ಯಾಮಿನ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಹಾಗಾಗಿ ಕಾವಲು ಕಾಯುವ ಕೆಲಸ ನನ್ನೊಬ್ಬಳದೇ ಆಗಿತ್ತು.

ಮೊದಲು ಮಾಡಿದ ಕೆಲಸವೆಂದರೆ ಅವ್ವನ ಫೋನು ಕಸಿದುಕೊಂಡದ್ದು. ಊರಿನ ಗ್ರೂಪುಗಳಲ್ಲಿ ಮಾವನ ಫೋಟೊಕ್ಕೆ ಹೂವಿನ ಚೌಕಟ್ಟು ಹಾಕಿ, ಕೆಳಗೆ ದೀಪದ ಚಿತ್ರ ಇಟ್ಟು, ಎಲ್ಲರೂ ಸ್ಟೇಟಸ್ ಹಾಕಿಕೊಂಡಿದ್ದರು. ಅವ್ವನಿಗೆ ಓದು ಅಷ್ಟಕ್ಕಷ್ಟೆ, ಆದರೆ ಆ ಚೌಕಟ್ಟಿನ ಅರ್ಥ ಓದು ಬಾರದವರಿಗೂ ಗೊತ್ತು. "ಡಾಕ್ಟ್ರು ಫೋನ್ ನೋಡ್ಬಾರ್ದು ಅಂದವ್ರೆ" ಎಂದು ಸುಳ್ಳು ಹೇಳಿದೆ. ಅಣ್ಣನಿಗೆ, ನನಗೂ ಯಾವ ಫೋಟೊ ಕಳಿಸಬೇಡ, ಅಕಸ್ಮಾತ್ ಅವ್ವ ನನ್ನ ಫೋನು ತೆಗೆದು ನೋಡಿದರೆ ಕಷ್ಟ, ಎಂದೆ. ಕಾಲೇಜಿಗೆ ಹೋಗುವಾಗ ಕೇಬಲ್ಲಿನ ತಂತಿ ಸಡಿಲ ಮಾಡಿ ಹೋಗುತ್ತಿದ್ದೆ. ಧಾರಾವಾಹಿಗಳಲ್ಲಿ ದಿನಕ್ಕೊಬ್ಬರು ಸಾಯುತ್ತಾರೆ, ಅದೂ ಬೇಡವೆಂದು.

"ನಿಮ್ಮ ಮಾವ ಯಾಕೆ ಒಂದ್ ಫೋನೂ ಮಾಡಿಲ್ಲ?" ಅವ್ವ ಮೂರನೆಯ ದಿನ ಕೇಳಿದಳು.

"ಮಾವನ ಫೋನು ತೊಟ್ಟಿ ನೀರಿಗೆ ಬಿದ್ದೈತಂತೆ."

"ಅವನ ಹೆಂಡ್ತಿ ಫೋನು?"

"ಅದಕ್ಕೆ ಕರೆನ್ಸಿ ಇಲ್ವಂತೆ."

"ಸುಮ್ಕಿರೆ. ಒಡಹುಟ್ಟಿದೋಳು ಆಸ್ಪತ್ರೆಗೆ ಹೋಗ್ ಬಂದವ್ಳೆ, ಒಂದ್ ಸಲ ಬಸ್ ಹತ್ತಿ ಬರಕ್ಕಾಗಲ್ವಾ ಅವಂಗೆ? ಬರ್ಲಿ, ಮಾಡ್ತೀನಿ."

ಸತ್ತವನ ಮೇಲೆ ಅವಳು ಮುನಿಸಿಕೊಂಡಿದ್ದಳು. ಅದನ್ನು ಕೇಳಿಸಿಕೊಂಡು ನಾನು ಪಾತ್ರೆ ತೊಳೆಯಬೇಕಿತ್ತು.

ಒಂದು ವಾರ ಕಳೆಯುವುದರೊಳಗೆ ಅವ್ವನಿಗೆ ಮನೆ ಜೈಲಾಯಿತು. ಫೋನಿಲ್ಲ, ಟಿವಿಯಿಲ್ಲ, ಬೀದಿಗೆ ಹೋಗುವಂತಿಲ್ಲ. "ಅಜ್ಜಂಪುರಕ್ಕೆ ಕಳ್ಸು, ಇಲ್ಲಾಂದ್ರೆ ಪಂಚನಳ್ಳಿಗಾದ್ರೂ ಕಳ್ಸು, ತಮ್ಮನ ಮನೇಲಿ ನಾಕು ದಿನ ಇದ್ದು ಬತ್ತೀನಿ" ಎಂದು ಹಟ ಹಿಡಿದಳು. ಅವಳಿಗೆ ಬೇಜಾರು ಕಳೆಯಲು ಏನಾದರೂ ಮಾಡಲೇಬೇಕಿತ್ತು. ಅದು ಹೊರಗಿನ ಸುದ್ದಿ ಒಳಗೆ ಬಾರದಂಥದ್ದಾಗಿರಬೇಕಿತ್ತು.

ಆಗ ನೆನಪಾದದ್ದು ದೇವರ ಕೋಣೆಯಲ್ಲಿದ್ದ ಡಬ್ಬಿ.

ಎರಡು ವರ್ಷದ ಹಿಂದೆ ತಂದದ್ದು. ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ; ಒಳಗೆ ಹಾರ್ಡ್‌ಡಿಸ್ಕು, ಮುಂದೆ ಒಂದು ನೀಲಿ ದೀಪ. ಇನ್ವರ್ಟರಿನ ಕರೆಂಟು ಬರುವ ಪ್ಲಗ್ಗು ದೇವರ ಕೋಣೆಯಲ್ಲಿ ಮಾತ್ರ ಇದ್ದುದರಿಂದ ವೈಫೈ ರೂಟರು, ಈ ಡಬ್ಬಿ ಎರಡೂ ದೇವರ ಪಕ್ಕದ ಗೂಡಿನಲ್ಲಿ ಕೂತಿದ್ದವು. ಅವ್ವ ಅದಕ್ಕೂ ಒಂದು ಗೆರೆ ವಿಭೂತಿ ಹಚ್ಚಿದ್ದಳು. ಮನೆಯ ವೈಫೈ ಹಿಡಿದ ಕೂಡಲೇ ನನ್ನ ಫೋನಿನ, ಗಂಡನ ಫೋನಿನ ಫೋಟೊಗಳನ್ನು ತಾನೇ ಎಳೆದು ಇಟ್ಟುಕೊಳ್ಳುವ ಹಾಗೆ ಅದನ್ನು ಹೊಂದಿಸಿದ್ದೆ. ಅಣ್ಣ ಒಂದು ಸಲ ಫೋನು ಒಡೆದುಕೊಂಡು ಮಗಳ ಫೋಟೊಗಳನ್ನೆಲ್ಲ ಕಳೆದುಕೊಂಡ ಮೇಲೆ ಅವನ ಹೊಸ ಫೋನಿಗೂ ಅದನ್ನೇ ಮಾಡಿಕೊಟ್ಟಿದ್ದೆ. ಹಳೆಯ ಆಲ್ಬಂಗಳನ್ನು ನಾನೇ ಕೂತು ಸ್ಕ್ಯಾನ್ ಮಾಡಿ ಅದರಲ್ಲಿ ಹಾಕಿದ್ದೆ. ಅವ್ವನ ಮದುವೆ, ಈಗಿಲ್ಲದ ಅಪ್ಪ ಸಾಕಿದ್ದ ಅಮೃತಮಹಲ್ ಎತ್ತುಗಳು, ನಾನು ಡಿಗ್ರಿ ಗೌನು ಹಾಕಿಕೊಂಡು ನಿಂತದ್ದು, ಎಲ್ಲ ಅಲ್ಲಿತ್ತು.

ಆದರೆ ಆ ಡಬ್ಬಿಗೆ ಬರುತ್ತಿದ್ದುದು ಒಂದೇ ವಿದ್ಯೆ, ಬಂದದ್ದನ್ನು ನುಂಗಿ ಇಟ್ಟುಕೊಳ್ಳುವುದು. ನೋಡಬೇಕೆಂದರೆ ಫೋನಿನಲ್ಲೇ ನೋಡಬೇಕು. ಮನೆಯಲ್ಲಿ ಅಂಥದೊಂದು ಪೆಟ್ಟಿಗೆ ಇದೆಯೆಂದೇ ಟಿವಿಗೆ ಗೊತ್ತಿರಲಿಲ್ಲ. ಒಂದೇ ವೈಫೈಯಲ್ಲಿರುವ ಬೇರೆ ಯಂತ್ರಗಳಿಗೆ 'ನನ್ನಲ್ಲಿ ಇಂಥಿಂಥ ಫೋಲ್ಡರುಗಳಿವೆ, ಬಂದು ನೋಡಿ' ಎಂದು ಹೇಳುವ ತಂತ್ರಾಂಶವನ್ನು ಅದಕ್ಕೆ ನಾವೇ ಹಾಕಬೇಕು. ಅದನ್ನು ನಾನು ಬೋರ್ಡಿನ ಮೇಲೆ ವರ್ಷ ವರ್ಷ ಬರೆದು ಪಾಠ ಮಾಡಿದ್ದೇನೆ. ಸ್ವಂತ ಕೈಯಿಂದ ಒಂದು ಸಲವೂ ಮಾಡಿರಲಿಲ್ಲ.

ರಜೆಯ ದಿನ ಮಧ್ಯಾಹ್ನ ಕೂತೆ. ಲ್ಯಾಪ್‌ಟಾಪಿನಿಂದ ಡಬ್ಬಿಯ ಒಳಗೆ ಹೋಗಿ, ಕಪ್ಪು ತೆರೆಯ ಮೇಲೆ ಒಂದೊಂದೇ ಸಾಲು ಆಜ್ಞೆ ಟೈಪು ಮಾಡಿದೆ. ಪ್ರತಿ ಸಾಲಿಗೂ ಎಂಟರ್ ಒತ್ತುವ ಮೊದಲು ಮೂರು ಸಲ ಓದುತ್ತಿದ್ದೆ. ಒಂದು ತಪ್ಪು ಆಜ್ಞೆ ಕೊಟ್ಟರೆ ಡಿಸ್ಕು ಅಳಿಸಿಹೋಗುತ್ತದೆ, ಅದರಲ್ಲಿ ಮಾವ ಇದ್ದಾನೆ. ಅವನಿನ್ನು ಹೊಸ ಫೋಟೊ ತೆಗೆಸಿಕೊಳ್ಳುವವನಲ್ಲ. ತಂತ್ರಾಂಶ ಸೇರಿತು. ಡಬ್ಬಿಯನ್ನು ಒಂದು ಸಲ ಆರಿಸಿ ಹಚ್ಚಿದೆ. ಹಚ್ಚಿ ನೋಡಿದರೆ ಡಿಸ್ಕು ಖಾಲಿ. ಒಂದು ಫೋಲ್ಡರೂ ಇಲ್ಲ.

ಹತ್ತು ನಿಮಿಷ ಏನೂ ಮಾಡದೆ ಕೂತಿದ್ದೆ. ವಿದ್ಯಾರ್ಥಿಗಳಿಗಾದರೆ "ಗಾಬರಿಯಾಗಬೇಡಿ, ಮೊದಲು ಕೇಬಲ್ ನೋಡಿ" ಅನ್ನುತ್ತೇನೆ. ನನಗೆ ಅದು ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಡಿಸ್ಕಿನ ತಂತಿ ಅರ್ಧ ಕಳಚಿಕೊಂಡಿತ್ತು. ಒತ್ತಿ ಕೂರಿಸಿದೆ. ಫೋಲ್ಡರುಗಳೆಲ್ಲ ಮರಳಿ ಬಂದವು. ಎದೆಯ ಮೇಲೆ ಕೈಯಿಟ್ಟುಕೊಂಡು, ಸ್ಟೆಂಟ್ ಬೇಕಾಗಿರುವುದು ನನಗೆ ಅಂದುಕೊಂಡೆ.

ಇನ್ನು ಉಳಿದದ್ದು ಯಾವ ಫೋಲ್ಡರು ಹಂಚಬೇಕು ಎಂದು ಬರೆಯುವುದು. ಹಳೆಯ ಫೋಟೊಗಳು ಏಳೆಂಟು ಕಡೆ ಚದುರಿಹೋಗಿದ್ದವು. ಒಂದೊಂದನ್ನೂ ಬೇರೆ ಬೇರೆ ಬರೆಯಬೇಕಿತ್ತು. ಗಾಬರಿಯಾಗಿ ಸುಸ್ತಾಗಿದ್ದೆ. ಇಡೀ ಡಿಸ್ಕನ್ನೇ ಹಂಚಿಬಿಟ್ಟೆ. ಅವ್ವ ತಪ್ಪಿ ಏನನ್ನಾದರೂ ಅಳಿಸಿಬಿಟ್ಟಾಳೆಂದು 'ನೋಡಬಹುದು, ಮುಟ್ಟುವಂತಿಲ್ಲ' ಎಂದು ಮಾತ್ರ ಬರೆದೆ. ಪಾಸ್‌ವರ್ಡು ಇಡಲಿಲ್ಲ, ಅವ್ವ ರಿಮೋಟಿನಲ್ಲಿ ಪಾಸ್‌ವರ್ಡು ಒತ್ತುವುದುಂಟೇ?

ಟಿವಿಯಲ್ಲಿ ಡಬ್ಬಿಯ ಹೆಸರು ಕಂಡಿತು. ಒತ್ತಿದೆ. ಅವ್ವನ ಮದುವೆಯ ಫೋಟೊ ಗೋಡೆಯಷ್ಟು ದೊಡ್ಡದಾಗಿ ಬಂತು.

"ಅಯ್ಯೋ ಶಿವನೇ, ಇದೇನೇ ಇಷ್ಟ್ ದೊಡ್ದು!" ಅವ್ವ ಸೆರಗು ಸರಿಮಾಡಿಕೊಂಡು ಕೂತಳು. "ನಿಮ್ಮಪ್ಪ ನೋಡು, ಕಾಸು ಕಳ್ಕಂಡೋನ್ ತರ ನಿಂತವ್ನೆ."

ಆಮೇಲೆ ಹತ್ತು ದಿನ ಅವಳು ಪಂಚನಹಳ್ಳಿಯ ಮಾತು ಎತ್ತಲಿಲ್ಲ. ಬೆಳಗ್ಗೆ ಪೂಜೆ ಮುಗಿಸಿ ಬಂದು ಟಿವಿ ಮುಂದೆ ಕೂತರೆ ಎತ್ತುಗಳ ಹೆಸರು ಹೇಳುತ್ತ, ಸತ್ತವರನ್ನು ಲೆಕ್ಕ ಹಾಕುತ್ತ, ಬದುಕಿರುವವರನ್ನು ಬಯ್ಯುತ್ತ ಕೂತಿರುತ್ತಿದ್ದಳು. ಮಾವನ ಫೋಟೊ ಬಂದರೆ ಬದುಕಿರುವವರ ಗುಂಪಿಗೆ ಸೇರಿಸಿ ಬಯ್ಯುತ್ತಿದ್ದಳು. ಬಯ್ಯಲಿ, ಅಂದುಕೊಂಡೆ. ಇನ್ನೆರಡು ವಾರ ಹೀಗೇ ಕಳೆದರೆ ಸಾಕು.

ಅಣ್ಣ ಅಷ್ಟು ದಿನವೂ ಬಂದಿರಲಿಲ್ಲ. "ಅವ್ವನ ಮುಖ ನೋಡಿದ್ರೆ ನಂಗೆ ತಡ್ಕಳಕ್ಕಾಗಲ್ಲ ಕಣೆ" ಎಂದು ಫೋನಿನಲ್ಲೇ ಕಾಲ ತಳ್ಳುತ್ತಿದ್ದ. ಅವನು ಬಾರದಿದ್ದರೆ ಅವ್ವನಿಗೆ ಅನುಮಾನ ಬರುತ್ತದೆಂದು ನಾನೇ ಒತ್ತಾಯ ಮಾಡಿ ಒಂದು ಭಾನುವಾರ ಕರೆಸಿದೆ. ಬಂದ. ಊಟ ಮಾಡಿದ. ಅವ್ವ ಕೇಳಿದ್ದಕ್ಕೆಲ್ಲ ಹೂಂ ಅಂದ. ಅವಳ ಕಾಲ ಬಳಿ ಚಾಪೆ ಹಾಕಿಕೊಂಡು ಒಂದು ಗಂಟೆ ಮಲಗಿದ. ಜೇಬಿನಲ್ಲಿದ್ದ ಅವನ ಫೋನು ಮನೆಯ ವೈಫೈ ಹಿಡಿದು, ನಾನು ಕಲಿಸಿದ್ದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅವನಿಗೆ ಅದು ಮರೆತೇ ಹೋಗಿತ್ತು. ನಾನು ಮರೆಯಬಾರದಿತ್ತು.

ಸೋಮವಾರ ಬೆಳಗ್ಗೆ ಏಳೂವರೆ. ಅವ್ವ ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದಳು. ಕಾಲೇಜಿಗೆ ಹೊರಡುವ ಮೊದಲು ಅವಳಿಗೆ ಟಿವಿ ಹಚ್ಚಿಟ್ಟು ಹೋಗೋಣವೆಂದು ರಿಮೋಟು ಒತ್ತಿದೆ. ಡಬ್ಬಿಯ ಫೋಲ್ಡರುಗಳು ಬರುವ ಜಾಗದಲ್ಲಿ, ಅವುಗಳ ಮೇಲೆ, ಹಿಂದಿನ ದಿನದವರೆಗೂ ಇಲ್ಲದ ಒಂದು ಸಾಲು ಬಂದಿತ್ತು. 'ಹೊಸದಾಗಿ ಸೇರಿದವು, 214.'

ಬೆಂಕಿಪೊಟ್ಟಣದಷ್ಟು ಚಿಕ್ಕ ಚಿಕ್ಕ ಚಿತ್ರಗಳು. ಮೊದಲನೆಯದರಲ್ಲಿ ಪಂಚನಹಳ್ಳಿಯ ಮನೆಯ ಮುಂದೆ ಶಾಮಿಯಾನ. ಎರಡನೆಯದರಲ್ಲಿ ಜನ. ಮೂರನೆಯದರಲ್ಲಿ ಬಿಳಿ ಬಟ್ಟೆ, ಹಳದಿ ಹೂವು, ನಡುವೆ ಕೂತಿರುವ ಒಬ್ಬ ಮನುಷ್ಯ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ ಹಚ್ಚಿ, ರುದ್ರಾಕ್ಷಿ ಹಾಕಿ, ಹಾರ ಹಾಕಿ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಅಷ್ಟು ಚಿಕ್ಕ ಚಿತ್ರದಲ್ಲೂ ಆ ಕೂತ ಭಂಗಿ ನೋಡಿದರೆ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರಿಮೋಟಿನಲ್ಲಿ ಅಳಿಸುವ ಗುಂಡಿ ಹುಡುಕಿ ಒತ್ತಿದೆ. 'ಅನುಮತಿ ಇಲ್ಲ' ಎಂದಿತು. ಮುಟ್ಟುವಂತಿಲ್ಲ ಎಂದು ಬರೆದವಳು ನಾನೇ. ಡಬ್ಬಿಯ ತಂತಿ ಕೀಳೋಣವೆಂದರೆ ಡಬ್ಬಿ ದೇವರ ಕೋಣೆಯಲ್ಲಿ, ಅವ್ವನ ಮೊಣಕೈ ಪಕ್ಕದಲ್ಲಿ. ಅಂಗೈಯಲ್ಲಿ ಲಿಂಗ ಹಿಡಿದು ಕೂತವಳ ಮುಂದೆ ಹೋಗಿ ಪ್ಲಗ್ಗು ಕಿತ್ತರೆ ಕಾರಣ ಏನು ಹೇಳಲಿ? ಲ್ಯಾಪ್‌ಟಾಪು ಕಾಲೇಜಿನ ಲ್ಯಾಬಿನಲ್ಲಿತ್ತು. ಒಳಗಿನಿಂದ ಅವಳು ಮಂತ್ರ ಹೇಳುವ ಸದ್ದು ಬರುತ್ತಿತ್ತು. ಇನ್ನೂ ಹತ್ತು ನಿಮಿಷವಾದರೂ ಇದೆ ಎಂದು ಲೆಕ್ಕ ಹಾಕಿದೆ.

ಟಿವಿ ಆರಿಸಿದ್ದರೆ ಆ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಕಂಪ್ಯೂಟರ್ ಗೊತ್ತಿಲ್ಲದವರಿಗೂ ಹೊಳೆಯುವ ಉಪಾಯ ಅದು. ನನಗೂ ಹೊಳೆಯಿತು. ಬೆರಳು ಆ ಕೆಂಪು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಇದನ್ನು ಅಣ್ಣನಿಗೆ ನಾನು ಇವತ್ತಿಗೂ ಹೇಳಿಲ್ಲ. ಹದಿನೆಂಟು ದಿನವಾಗಿತ್ತು ಮಾವ ಹೋಗಿ, ನಾನು ಅವನ ಮುಖ ನೋಡಿರಲಿಲ್ಲ. ಒಂದೇ ಒಂದು, ಒಂದು ಕ್ಷಣ, ಅಂದುಕೊಂಡೆ. ಮೂರನೆಯ ಚಿತ್ರದ ಮೇಲೆ ಒತ್ತಿದೆ.

ಮಾವ ಗೋಡೆಯಷ್ಟು ದೊಡ್ಡದಾಗಿ ಬಂದ.

ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮಂತ್ರದ ಸದ್ದು ನಿಂತದ್ದು ಕೇಳಲಿಲ್ಲ. ಹಿಂದಿನಿಂದ ವಿಭೂತಿಯ ವಾಸನೆ ಬಂತು.

"ಯಾರದು?" ಅವ್ವ ಕೇಳಿದಳು.

ನಾನು ತಿರುಗಿ ಟಿವಿಗೆ ಅಡ್ಡ ನಿಂತೆ. ಅಷ್ಟು ದೊಡ್ಡ ಟಿವಿಗೆ ಅಡ್ಡ ನಿಲ್ಲುವಷ್ಟು ಅಗಲ ನಾನಿಲ್ಲ.

"ಸರೀ ಅತ್ಲಾಗೆ."

"ಅವ್ವ, ಕುತ್ಕ. ಮೊದ್ಲು ಕುತ್ಕ ನೀನು."

"ಸರಿ ಅಂದ್ನಲ್ಲ."

ಸರಿದೆ. ಅವಳು ನೋಡಿದಳು. ಅಳಲಿಲ್ಲ, ಕೂಗಲಿಲ್ಲ. ಒಂದು ಕೈ ಚಾಚಿ ಕುರ್ಚಿಯನ್ನು ಹುಡುಕಿದಳು. ನಾನು ಹಿಡಿದು ಕೂರಿಸಿದೆ. ಓಡಿಹೋಗಿ ನಾಲಿಗೆಯ ಕೆಳಗಿಡುವ ಮಾತ್ರೆ ತಂದೆ, ಬೆರಳಿಗೆ ಸಿಕ್ಕಿಸಿ ನಾಡಿ ನೋಡುವ ಪುಟ್ಟ ಮಿಷನ್ ತಂದೆ. ಅವಳ ಬೆರಳು ಐಸಿನಂತಿತ್ತು. ಮಿಷನ್ನು ನೂರಾ ಹದಿನೆಂಟು ತೋರಿಸಿತು. ಶಿವಮೊಗ್ಗದ ಆಸ್ಪತ್ರೆ ಎಷ್ಟು ದೂರ, ಆ ಹೊತ್ತಿನಲ್ಲಿ ಯಾರ ಕಾರು ಸಿಗುತ್ತದೆ, ಯಾವ ನಂಬರಿಗೆ ಮೊದಲು ಫೋನು ಮಾಡಲಿ. ನನ್ನ ತಲೆಯಲ್ಲಿ ಓಡುತ್ತಿದ್ದುದು ಇವೇ. ಕೊಂದುಬಿಟ್ಟೆ, ನನ್ನ ಕೈಯಾರೆ ಕೊಂದುಬಿಟ್ಟೆ, ಅಂದುಕೊಳ್ಳುತ್ತಿದ್ದೆ.

"ಯಾವತ್ತು?" ಅಂದಳು.

"ಹದಿನೆಂಟು ದಿನ ಆಯ್ತವ್ವ."

"ಗಣಾರಾಧನೆ?"

"ಆಯ್ತು. ಹನ್ನೊಂದನೇ ದಿನ ಮಾಡಿದ್ರು."

"ಎಲ್ಲಾ ಮುಗ್ಸಿದೀರಿ."

"ಡಾಕ್ಟ್ರು ಹೇಳಿದ್ರು ಅವ್ವ, ನಿನ್ನ ಎದೆ..."

"ನನ್ ಎದೆ ನಿಮ್ಮಪ್ಪನ ಮನೆ ಆಸ್ತಿಯೇನೇ, ನೀವ್ ಕಾಯಕ್ಕೆ? ಒಡಹುಟ್ಟಿದೋಳು ನಾನು. ಅವನ ಗುಂಡಿಗೆ ನನ್ ಕೈದು ಒಂದು ಎಲೆ ಪತ್ರೆ ಬೀಳ್ಲಿಲ್ಲ. ಬರ್ಲಿಲ್ಲ, ಬರ್ಲಿಲ್ಲ ಅಂತ ದಿನಾ ಬಯ್ದಿದೀನಿ ಅವನ್ನ. ಸತ್ತೋನ್ನ ಬಯ್ಸಿದ್ಯಲ್ಲೇ ನನ್ ಬಾಯಲ್ಲಿ."

ಮಿಷನ್ನು ನೂರಾ ಇಪ್ಪತ್ತನಾಲ್ಕಕ್ಕೆ ಹೋಯಿತು. ಮಾತಾಡಬೇಡ ಅವ್ವ, ಎಂದು ಕೈ ಮುಗಿದೆ. ಟಿವಿ ಆರಿಸಲು ರಿಮೋಟು ಎತ್ತಿದೆ.

"ಆರಿಸ್ಬ್ಯಾಡ. ಇನ್ನೂ ಐತಾ?"

"ಏನು?"

"ಫೋಟೊ."

"ಇನ್ನೂರ ಹದಿನಾಕು ಐತೆ."

"ಮೊದ್ಲಿಂದ ಹಾಕು."

"ಬ್ಯಾಡವ್ವ. ನಿನ್ ಕಾಲಿಗ್ ಬೀಳ್ತೀನಿ. ಇವತ್ತು ಬ್ಯಾಡ."

"ನೀ ಹಾಕ್ದಿದ್ರೆ ಈಗ್ಲೇ ಬಸ್ ಸ್ಟ್ಯಾಂಡಿಗೆ ನಡ್ಕಂಡು ಹೋಯ್ತೀನಿ. ಪಂಚನಳ್ಳಿ ದಾರಿ ನಂಗೆ ನೀನು ತೋರಿಸ್ಬೇಕಾಗಿಲ್ಲ."

ಅವಳು ಹೋಗುತ್ತಾಳೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಕಾಲೇಜಿಗೆ ರಜೆ ಹೇಳಿದೆ. ಅಣ್ಣನಿಗೆ ಫೋನು ಮಾಡಿ "ಅವ್ವಂಗೆ ಗೊತ್ತಾಯ್ತು, ಹೊರಡು" ಎಂದಷ್ಟೇ ಹೇಳಿ ಇಟ್ಟೆ. ಮೊದಲನೆಯ ಫೋಟೊ ಹಾಕಿದೆ.

ಅವಳು ಒಂದೊಂದನ್ನೂ ನಿಲ್ಲಿಸಿ ನೋಡಿದಳು. ಮುಂದಕ್ಕೆ ಅಂದಾಗ ನಾನು ಗುಂಡಿ ಒತ್ತುವುದು. ಶಾಮಿಯಾನ ನೋಡಿ, "ಚಿಕ್ಕದಾಯ್ತು. ಜನ ಬಿಸ್ಲಲ್ಲಿ ನಿಂತವ್ರೆ" ಅಂದಳು. ತಮ್ಮನ ಹೆಂಡತಿಯನ್ನು ಇಬ್ಬರು ಹಿಡಿದುಕೊಂಡಿದ್ದ ಫೋಟೊದಲ್ಲಿ ಬಹಳ ಹೊತ್ತು ನಿಂತಳು. ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಮಾವನನ್ನು ಕೂರಿಸಿ ಹೊತ್ತು ತಂದದ್ದು ನೋಡಿ, "ಎಡಗಡೆ ವಾಲೈತೆ. ಎತ್ತರದೋನ್ನ ಎಡಕ್ಕೆ ಹಾಕ್ಬೇಕು, ಅಷ್ಟೂ ತಿಳೀದಾ?" ಎಂದು ರೇಗಿದಳು. ಅಣ್ಣ ವಿಮಾನದ ಪಕ್ಕದಲ್ಲಿ ಕಿವಿಗೆ ಫೋನು ಹಿಡಿದು ನಿಂತದ್ದು ಯಾರೋ ಬೇರೆಯವರು ತೆಗೆದು ಅವನಿಗೆ ಕಳಿಸಿದ್ದ ಫೋಟೊದಲ್ಲಿತ್ತು.

"ನೋಡು ನಿಮ್ಮಣ್ಣನ್ನ. ಸೋದರಮಾವನ ಹೆಣ ಮುಂದಿಟ್ಕಂಡು ಯಾರತ್ರನೋ ಮಾತಾಡ್ತಾ ಅವ್ನೆ."

"ನನ್ ಹತ್ರನೇ ಅವ್ವ. ಆಗ ನಂಗೇ ಫೋನ್ ಮಾಡಿದ್ದ."

ಅವ್ವ ತಿರುಗಿ ನನ್ನ ಮುಖ ನೋಡಿದಳು. "ಅಂದ್ರೆ? ನೀನೆಲ್ಲಿದ್ದೆ? ಅದೇ ಹುಡುಕ್ತಾ ಇದೀನಿ, ನೀನು ಒಂದ್ರಲ್ಲೂ ಕಾಣ್ತಿಲ್ಲ."

"ನಾನು ಹೋಗ್ಲಿಲ್ಲವ್ವ."

"ಹೋಗ್ಲಿಲ್ವಾ?"

"ನಿನ್ನ ಬಿಟ್ಟು ಹೋಗಿದ್ರೆ ನಿಂಗೆ ಗೊತ್ತಾಗ್ತಿತ್ತು."

ಅವಳು ಮತ್ತೆ ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಟಿವಿಯ ಕಡೆ ತಿರುಗಿ, "ಅವತ್ತು ಗಂಜಿ ಕೊಟ್ಯಲ್ಲ, ಕಣ್ಣು ಕೆಂಪ್ ಮಾಡ್ಕಂಡು" ಅಂದಳು. "ಹೂಂ" ಅಂದೆ. "ಮುಂದಕ್ ಹಾಕು" ಅಂದಳು. ಆಗ ಅವಳಿಗೆ ಅಳು ಬಂತು. ಸದ್ದಿಲ್ಲದೆ, ಹೆಗಲು ಮಾತ್ರ ಅಲುಗುವ ಅಳು. ನನ್ನ ಭಯ ಮತ್ತೆ ಮೊದಲಿಗೆ ಬಂತು. ಮಿಷನ್ನಿನ ಮೇಲಿನ ಕಣ್ಣು ನಾನು ತೆಗೆಯಲಿಲ್ಲ. ನೂರಾ ಹದಿನಾರು. ನೂರಾ ಹನ್ನೆರಡು. ಮತ್ತೆ ನೂರಾ ಇಪ್ಪತ್ತು. ಗುಂಡಿ ತೋಡಿದ್ದು, ಅಯ್ಯನವರು ನಿಂತದ್ದು, ಪತ್ರೆ ಹಾಕಿದ್ದು, ಮಣ್ಣು ಎಳೆದದ್ದು ಎಲ್ಲ ಅವಳ ಬಾಯಿಂದ ಕೇಳಿದೆನೇ ಹೊರತು ನೋಡಲಿಲ್ಲ. "ಆ ಕೆಂಪು ಸೀರೆಯೋಳು ಯಾರು?" ಎಂದು ಕೇಳಿದರೆ "ಗೊತ್ತಿಲ್ಲವ್ವ" ಎಂದು ನೋಡದೆಯೇ ಹೇಳುತ್ತಿದ್ದೆ. ನೂರಕ್ಕಿಂತ ಕೆಳಗೆ ಇಳಿಯಲಿ, ಇಳಿಯಲಿ ಎಂದು ಆ ಕೆಂಪು ಅಂಕಿಗೆ ಹರಕೆ ಹೊರುತ್ತಿದ್ದೆ.

ಕೊನೆಯ ಫೋಟೊ ಅಣ್ಣ ತಿಳಿಯದೆ ಒತ್ತಿದ್ದು. ಕಾರಿನ ಮ್ಯಾಟಿನ ಮೇಲೆ ಅವನ ಒಂದು ಕಾಲು, ಮಂಡಿಯವರೆಗೆ ಕೆಂಪು ಮಣ್ಣು.

"ಇದೇನೇ?"

"ಅಣ್ಣನ ಕಾಲು."

"ತೊಳ್ಕಂಡಿಲ್ಲ" ಅಂದಳು ಅವ್ವ. ಮೂಗು ಸೀದಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಮಿಷನ್ನು ತೊಂಬತ್ತಾರು ತೋರಿಸುತ್ತಿತ್ತು. ಅದನ್ನು ಅವಳೇ ಬೆರಳಿನಿಂದ ಕಿತ್ತು ನನ್ನ ಮಡಿಲಿಗೆ ಎಸೆದಳು. "ಅದನ್ ನೋಡಿದ್ದು ಸಾಕು. ನಿಮ್ಮಣ್ಣ ಬರೋ ಹೊತ್ಗೆ ಇನ್ನೊಂದ್ ಸಲ ಆಗ್ತದೆ. ಮೊದ್ಲಿಂದ ಹಾಕು. ನೀನೂ ನೋಡು ಈ ಸಲ."

ಹಾಕಿದೆ. ಮೂರನೆಯ ಫೋಟೊಕ್ಕೆ ಬಂದಾಗ ನಿಲ್ಲಿಸಿದೆ. ಮಾವನಿಗೆ ಯಾರೋ ಹೊಸ ಪಂಚೆ ಉಡಿಸಿದ್ದರು. ಮಡಿಕೆಯ ಗೆರೆ ಹಾಗೇ ಇತ್ತು. ಗಡ್ಡ ಮೂರು ದಿನದ್ದು. ಬಲಗೈಯ ಹೆಬ್ಬೆರಳಿನ ಉಗುರಿನಲ್ಲಿ ಮೋಟಾರಿನ ಗ್ರೀಸು ಉಳಿದಿತ್ತು. ಮೈ ತೊಳೆದವರ ಕೈಗೂ ಅದು ಹೋಗಿರಲಿಲ್ಲ.